ಆ ಮೂರು ಕುರ್ಚಿಯಲ್ಲಿ ಒಂದು ನಮ್ದು

ಬಂದರು ಅಂದ್ರೆ ದೊಡ್ಡ ಮಾತು, ಮೀನು ಒಣಗ್ಸೂ ಜಾಗ ಅಂದ್ರೆ ಸಣ್ಣ ಮಾತು ಅಂತ ಯಾರು ತೀರ್ಮಾನ ಮಾಡಿದ್ರೋ ನಂಗೆ ತಿಳಿಯೂದಿಲ್ಲ. ನಮ್ಮ ಬದಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟು ಕಡಲಿಗಿಳಿಯೂದಿಲ್ಲ. ಆ 61 ದಿವ್ಸ ಮೀನು ತಿನ್ನೂವವರ ಯಾವ ಮನೆಗೆ ಹೋಗಿ ನೋಡಿ, ಒಣ ಶೆಟ್ಲಿ ಚಟ್ನಿಯೋ ಸುಟ್ಟ ಒಣ ಬಂಗಡೆಯೋ ಇದ್ದೇ ಇರ್ತದೆ. ಗಂಜಿಗೆ ಬೇರೆ ಎಂತ ಬೇಕು! ಅದು ತಯಾರಾಗೂದು ದಂಡೆಯ ಹೊಯ್ಗೆ ಮೇಲೆ, ಹೆಂಗಸ್ರ ಕೈಯಲ್ಲಿ.

ಕಾರವಾರದವರು ದಂಡೆ ಕಳ್ಕೊಂಡು ನೋಡಿದವರು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯ್ತು. ಕಾರವಾರ, ಅಂಕೋಲೆ ಎರಡೂ ತಾಲೂಕಿನ ಜನ ಮನೆ-ಗದ್ದೆ ಬಿಟ್ಟೆದ್ರು. ದೇಶಕ್ಕೆ ಅಂತ ಕೊಟ್ರು, ಸರಿ. 2020ರ ಜನವರಿಯಲ್ಲಿ ಬಂದರಿನ ಎರಡನೇ ಹಂತ ಅಂತ ಟಾಗೋರ್ ದಂಡೆ ಬದಿಗೆ ಕೆಲ್ಸ ಶುರು ಮಾಡೂಕೆ ಬಂದಾಗ ಹೆಂಗಸ್ರೂ ಎದ್ದು ಬಂದ್ರು, ಹೈಕೋರ್ಟ್ ತಡೆ ಕೊಡ್ತು. ಈಗ ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರಿನ ಸರದಿ. 2025ರಲ್ಲಿ ಅಲ್ಲಿ ಸರ್ವೆ ಮಾಡೂಕೇ ನಿಷೇಧಾಜ್ಞೆ ಹಾಕ್ಬೇಕಾಯ್ತು.

ಬಂದರು ಬಂದ್ರೆ ಹುಡುಗರು ಕೆಲ್ಸ ಹುಡುಕಿ ಗೋವೆಗೆ ಹೋಗೂದು ತಪ್ತದೆ ಅನ್ನೂವವರು ನಮ್ಮ ಮನೆಗಳಲ್ಲೇ ಇದ್ದಾರೆ. ಆ ಮಾತನ್ನ ನಾನು ಹಗುರ ಮಾಡೂದಿಲ್ಲ. ಆದ್ರೆ ಮಗನಿಗೆ ಸಿಕ್ರೂ ಸಿಗ್ಬಹುದಾದ ನೌಕರಿಗೆ ಅತ್ತೆಯ ಈಗಿನ ದುಡಿಮೆ ಬಿಟ್ಕೊಡೂದು ಎಂತ ಲೆಕ್ಕ? ಅಲೆ ಹೊಯ್ಗೆಯನ್ನ ದಂಡೆಗುಂಟ ಹೊತ್ತು ತಿರುಗ್ತದೆ. ಮಧ್ಯ ಕಡಲಿಗೆ ಅಡ್ಡ ಕಲ್ಲಿನ ಗೋಡೆ ಚಾಚಿದ್ರೆ ಒಂದು ಬದಿಗೆ ಹೊಯ್ಗೆ ಗುಡ್ಡೆ ಬೀಳ್ತದೆ, ಇನ್ನೊಂದು ಬದಿಯನ್ನ ಕಡಲು ತಿಂತದೆ. ಮತ್ತೆ ಆ ಬದಿಗೂ ಕಲ್ಲು ಸುರೀಬೇಕು. ಕಲ್ಲು ಸುರಿದಲ್ಲಿ ದೋಣಿ ಮೇಲೆಳೆಯೂಕೆ ಆಗೂದಿಲ್ಲ, ರಂಪಣಿ ಬಲೆ ಎಳೆಯೂಕೆ ಆಗೂದಿಲ್ಲ, ತಾರ್ಲೆ ಹರಡೂಕಂತೂ ಆಗೂದೇ ಇಲ್ಲ. ಹಾಗಾಗಿ ಕೇಣಿಯಲ್ಲಿ ಬೇಡ ಅಂತ್ಲೇ ನನ್ನ ಅಭಿಪ್ರಾಯ.

ಬೇಡ ಅಂತ ಹೇಳೂಕೆ ರಸ್ತೆ ಮೇಲೆ ಕೂರೂದೊಂದೇ ದಾರಿ ಅಲ್ಲ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯಲ್ಲಿ ಒಂದು ಮಾತದೆ, 2019ರ ಹೊಸದ್ರಲ್ಲೂ ಅದು ಉಳಿದದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೂ ಜಿಲ್ಲಾ ಸಮಿತಿಯಲ್ಲಿ ಮೀನುಗಾರರು ಸೇರಿ ದಂಡೆಯ ಸಾಂಪ್ರದಾಯಿಕ ಸಮುದಾಯದವರು ಕಡಿಮೆ ಅಂದ್ರೂ 3 ಜನ ಇರ್ಬೇಕು. ಹೆಂಗಸು ಇರ್ಬೇಕು ಅಂತ ಬರೆದಿಲ್ಲ. ಇರ್ಬಾರದು ಅಂತನೂ ಬರೆದಿಲ್ಲ. ಸಂಘ ಅಂದ ಕೂಡ್ಲೆ ಬೋಟಿನ ಯಜಮಾನರ ಹೆಸರೇ ಬರ್ತದೆ, ಬುಟ್ಟಿ ಹೊರೂವವಳ ಹೆಸರು ಬರೂದಿಲ್ಲ. ಆ ಮೂರ್ರಲ್ಲಿ ಒಂದು ಕುರ್ಚಿ ಮೀನು ಮಾರೂ, ಒಣಗ್ಸೂ ಹೆಂಗಸಿಗೇ ಸಿಗ್ಬೇಕು. ಹರಿಕಂತ್ರರೋ ಖಾರ್ವಿಯರೋ ಗಾಬಿತರೋ, ಯಾರಾದ್ರೂ ಅಡ್ಡಿಲ್ಲ.

ಸಾರ್ವಜನಿಕ ಅಹವಾಲು ಸಭೆಯೂ ಹಾಗೇ. 2006ರ ನಿಯಮದ ಪ್ರಕಾರ 30 ದಿವ್ಸ ಮೊದಲೇ ನೋಟಿಸು ಕೊಡ್ಬೇಕು, ನಾವು ಹೇಳಿದ್ದನ್ನ ಬರ್ಕೊಂಡು ನಮ್ಮ ಭಾಷೆಯಲ್ಲೇ ಓದಿ ಹೇಳ್ಬೇಕು. ಅಲ್ಲಿ ಬರೀ ಅತ್ತು ಕರೆದು ಬಂದ್ರೆ ಪ್ರಯೋಜನ ಇಲ್ಲ. ಇವತ್ತು ಎಷ್ಟು ಬುಟ್ಟಿ ಹರಡಿದ್ವಿ, ಎಷ್ಟು ದಿವ್ಸ ಒಣಗ್ತು, ಎಷ್ಟಕ್ಕೆ ಹೋಯ್ತು, ಆ ದುಡ್ಡಲ್ಲಿ ಯಾರ ಫೀಸು ಕಟ್ಟಿದ್ವಿ, ಅದು ಕಾಗದದ ಮೇಲೆ ಬೇಕು.

ವೈನಿಯವರೆ, ಮಕ್ಕಳ ಹಳೇ ಪಟ್ಟಿಯಲ್ಲಿ ಖಾಲಿ ಹಾಳೆ ಇದ್ರೆ ಇವತ್ತಿಂದ್ಲೇ ತಾರೀಕು ಹಾಕಿ ಬರೆದಿಡಿ. ಬರೆಯೂಕೆ ಬರದವರಿಗೆ ಮೊಮ್ಮಕ್ಕಳು ಬರ್ಕೊಡ್ಲಿ. ಜಿಲ್ಲಾಧಿಕಾರಿಗೆ ಕೊಡೂ ಅರ್ಜಿ ನಾನು ಬರ್ಕೊಡ್ತೆ, ಸಹಿಗೆ ನಿಮ್ಮನೆಗೇ ಬರ್ತೆ.