ದರಪಟ್ಟಿಯ ಪಕ್ಕದಲ್ಲಿ ಸೋಂಕಿನ ಲೆಕ್ಕವೂ ಇರಲಿ

ಆಸ್ಪತ್ರೆಗೆ ಹೋಗುವಾಗ ಇಲ್ಲದ ಸೋಂಕು ಅಲ್ಲಿನ ಹಾಸಿಗೆಯ ಮೇಲೆ ಅಂಟಿಕೊಳ್ಳುವುದು ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ದಾಖಲಾಗುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಹೀಗಾಗುತ್ತದೆ. ಸೋಂಕು ತಗಲಿದ ಹತ್ತು ಮಂದಿಯಲ್ಲಿ ಒಬ್ಬರು ಬದುಕುವುದಿಲ್ಲ.

ಕೈ ತೊಳೆದರೆ ಜೀವ ಉಳಿಯುತ್ತದೆಂದು ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯ ಸೆಮ್ಮೆಲ್‌ವೈಸ್ ತೋರಿಸಿಕೊಟ್ಟದ್ದು 1847ರಲ್ಲಿ. ತಿಳಿವಳಿಕೆಗೆ ಕೊರತೆಯಿಲ್ಲ. ಹಾಗಿದ್ದೂ ಕೈ ತೊಳೆಯುವುದು ತಪ್ಪಿದರೆ ಸಿಬ್ಬಂದಿಯ ಸೋಮಾರಿತನವನ್ನು ದೂರುವುದು ಅನ್ಯಾಯ.

ಜಿನೀವಾದ ಆಸ್ಪತ್ರೆಯಲ್ಲಿ ವೈದ್ಯ ಡಿಡಿಯೇ ಪಿಟೆ ಅವರ ತಂಡ ಎಣಿಸಿ ನೋಡಿದಾಗ, ಐಸಿಯು ನರ್ಸ್ ಗಂಟೆಗೆ ಸರಾಸರಿ 22 ಸಲ ಕೈ ಶುಚಿಗೊಳಿಸಬೇಕಿತ್ತು. ಪ್ರತಿ ಸಲವೂ ಸಿಂಕಿನವರೆಗೆ ನಡೆದು ಸೋಪು ಹಚ್ಚುತ್ತಿದ್ದರೆ ರೋಗಿಯನ್ನು ನೋಡುವವರು ಯಾರು? ತಂಡವು ಆಲ್ಕೊಹಾಲ್ ದ್ರಾವಣದ ಬಾಟಲಿಯನ್ನು ಹಾಸಿಗೆಯ ಪಕ್ಕಕ್ಕೇ ತಂದಿಟ್ಟು, ಅದರ ಬಳಕೆಗೆ ಒತ್ತುಕೊಟ್ಟಿತು. 1994ರಲ್ಲಿ ಶೇ 16.9ರಷ್ಟಿದ್ದ ಸೋಂಕು 1998ಕ್ಕೆ ಶೇ 9.9ಕ್ಕೆ ಇಳಿಯಿತು. ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇಡೀ ವಾರ್ಡನ್ನು ನಿಭಾಯಿಸುವ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಗೋಡೆಗೆ ಅಂಟಿಸಿದ ಭಿತ್ತಿಪತ್ರದಿಂದ ಇಷ್ಟು ಕೆಲಸವಾಗದು.

ಅಮೆರಿಕದ ಮಿಷಿಗನ್ ರಾಜ್ಯದ ಅನುಭವ ಇನ್ನೂ ಒಂದು ಹೆಜ್ಜೆ ಮುಂದಿನದು. ಅಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ವೈದ್ಯ ಪೀಟರ್ ಪ್ರೊನೊವೋಸ್ಟ್ ರೂಪಿಸಿದ ಐದು ಅಂಶಗಳನ್ನು ಪಾಲಿಸಿದವು: ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಸೇರಿಸುವ ನಳಿಕೆ) ಹಾಕುವ ಮುನ್ನ ಕೈ ತೊಳೆಯುವುದು, ರೋಗಿಗೆ ಪೂರ್ತಿ ಹೊದಿಕೆ, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮದ ಶುದ್ಧಿ, ಸಾಧ್ಯವಾದಷ್ಟು ತೊಡೆಸಂದಿಯ ನಾಳವನ್ನು ಬಿಡುವುದು, ಬೇಡವಾದ ಲೈನನ್ನು ತಕ್ಷಣ ತೆಗೆಯುವುದು. ಇವೆಲ್ಲ ಹಳೆಯ ಪಾಠಗಳೇ. ಆದರೆ ವೈದ್ಯರು ಒಂದು ಹಂತ ತಪ್ಪಿಸಿದರೂ ತಡೆದು ನಿಲ್ಲಿಸುವ ಅಧಿಕಾರ ನರ್ಸ್‌ಗೆ ಸಿಕ್ಕಿತು. ರೋಗಿಗಳ ಮೈಯಲ್ಲಿ ಲೈನ್ ಇದ್ದ ಪ್ರತಿ ಸಾವಿರ ದಿನಗಳಿಗೆ 2.7ರಷ್ಟಿದ್ದ ರಕ್ತದ ಸೋಂಕಿನ ಮಧ್ಯಾಂಕವು ಮೂರೇ ತಿಂಗಳಲ್ಲಿ ಸೊನ್ನೆಗಿಳಿಯಿತು. ಹಿರಿಯ ವೈದ್ಯರ ಎದುರು ನರ್ಸ್ ಬಾಯಿ ತೆರೆಯಲು ಅಳುಕುವ ಕಡೆ ಬದಲಾಗಬೇಕಾದದ್ದು ಮೊದಲು ಇದೇ.

ಭಾರತದಲ್ಲಿ 2020ರ ರಾಷ್ಟ್ರೀಯ ಮಾರ್ಗಸೂಚಿ ಇದೆ. ಏಮ್ಸ್ ಮತ್ತು ಐಸಿಎಂಆರ್ ಜತೆಗೂಡಿ ಕಟ್ಟಿದ ಕಣ್ಗಾವಲು ಜಾಲವೂ ಇದೆ. ಆದರೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಸೋಂಕು ಎಂಬ ಅಂಕಿ ರೋಗಿಯ ಕೈಗೆ ಸಿಗುವುದಿಲ್ಲ. ಇಂಗ್ಲೆಂಡ್ 2001ರಲ್ಲಿ, ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾವಾದ ಎಂಆರ್‌ಎಸ್‌ಎ ರಕ್ತಸೋಂಕಿನ ವರದಿಯನ್ನು ಕಡ್ಡಾಯಗೊಳಿಸಿತು. ಆ ಸೋಂಕನ್ನು 2008ರ ಹೊತ್ತಿಗೆ ಅರ್ಧಕ್ಕಿಳಿಸುವ ಗುರಿಯನ್ನು 2004ರಲ್ಲಿ ಹಾಕಿಕೊಂಡು, ಮುಟ್ಟಿಯೂ ತೋರಿಸಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಚಿಕಿತ್ಸಾ ದರಗಳನ್ನು ಪ್ರದರ್ಶಿಸಬೇಕೆನ್ನುತ್ತದೆ. ಬೆಲೆ ತಿಳಿಯುವ ಹಕ್ಕಿರುವ ರೋಗಿಗೆ ಅಪಾಯ ತಿಳಿಯುವ ಹಕ್ಕೂ ಇರಬೇಕಲ್ಲವೇ?

ಅಂಕಿ ಪ್ರಕಟಿಸುವುದರಲ್ಲೂ ಒಂದು ತೊಡಕಿದೆ. ಸೋಂಕಿನ ಪತ್ತೆಗೆ ರಕ್ತದ ಮಾದರಿಯನ್ನು ಕಲ್ಚರ್‌ಗೆ ಕಳಿಸದ ಆಸ್ಪತ್ರೆ ಕಾಗದದ ಮೇಲೆ ಅತ್ಯಂತ ಸ್ವಚ್ಛವಾಗಿ ಕಾಣುತ್ತದೆ. ಪ್ರಾಮಾಣಿಕವಾಗಿ ಹುಡುಕಿದ್ದು ಕೆಟ್ಟ ಹೆಸರು ಪಡೆಯುತ್ತದೆ. ಆದ್ದರಿಂದ ಸೋಂಕಿನ ಪ್ರಮಾಣದ ಜತೆಗೆ ನಡೆಸಿದ ಪರೀಕ್ಷೆಗಳ ಸಂಖ್ಯೆಯನ್ನೂ ಪ್ರಕಟಿಸಬೇಕು, ಎರಡನ್ನೂ ಹೊರಗಿನವರು ತಪಾಸಣೆ ಮಾಡಬೇಕು. ಎಲ್ಲ ಬಗೆಯ ಸೋಂಕನ್ನೂ ಒಮ್ಮೆಲೇ ಎಣಿಸಲು ಹೊರಡುವುದು ಬೇಡ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಐಸಿಯುಗಳಲ್ಲಿ, ಸೆಂಟ್ರಲ್ ಲೈನ್‌ನಿಂದಾಗುವ ರಕ್ತಸೋಂಕಿನ ಲೆಕ್ಕದಿಂದ ಶುರುಮಾಡಬಹುದು.