ಟೋಸ್ಟ್ ತಿಂದ ಕೈ ಬೇಕರಿಯನ್ನು ಕಾಯಲಿ!



ಸಂಜೆ ಆರು ಗಂಟೆ. ಆಫೀಸು ಬಿಟ್ಟಿದೆ, ಬಸ್ಸು ಬಂದಿಲ್ಲ, ಹೊಟ್ಟೆ ಚುರುಗುಟ್ಟುತ್ತಿದೆ. ಬೆಂಗಳೂರಿನಲ್ಲಿ ಬೆಳೆದ ನಿಮ್ಮ ಕಾಲು ಆಗ ತಾನಾಗಿಯೇ ಎತ್ತ ತಿರುಗುತ್ತದೆ? ಬೀದಿ ತುದಿಯ ಅಯ್ಯಂಗಾರ್ ಬೇಕರಿಯತ್ತ ಅಲ್ಲವೇ? "ಅಣ್ಣಾ, ಒಂದು ಟೋಸ್ಟು, ಖಾರ ಸ್ವಲ್ಪ ಜಾಸ್ತಿ!"

ಕಾದ ಕಾವಲಿಯ ಮೇಲೆ ಬ್ರೆಡ್ಡಿನ ಹೋಳು ಕೆಂಪಗಾಗುತ್ತದೆ. ಅದರ ಮೇಲೆ ಈರುಳ್ಳಿ, ಕ್ಯಾರೆಟ್ ತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಬಾಡಿಸಿದ ಪಲ್ಯ. ಮೇಲೆ ಇನ್ನೊಂದು ಹೋಳು ಮುಚ್ಚುವುದಿಲ್ಲ. ಮುಚ್ಚುಮರೆಯಿಲ್ಲದ ತಿಂಡಿ ಅದು! ಎರಡು ಟೋಸ್ಟು, ಒಂದು ಟೀ ಹೊಟ್ಟೆಗೆ ಬಿದ್ದರೆ ರಾತ್ರಿ ಊಟದ ಯೋಚನೆಯೇ ಇಲ್ಲ. ವಿದ್ಯಾರ್ಥಿ, ಆಟೋ ಚಾಲಕ, ಗಾರ್ಮೆಂಟ್ಸ್ ಹೆಣ್ಣುಮಗಳು, ಸಾಫ್ಟ್‌ವೇರ್ ಹುಡುಗ, ಎಲ್ಲರೂ ಒಂದೇ ಕಟ್ಟೆಯ ಮುಂದೆ ನಿಂತೇ ತಿನ್ನುತ್ತಾರೆ.

ಇದು ಎಲ್ಲಿಂದ ಬಂತು ಗೊತ್ತೇ? ಬ್ರೆಡ್ಡು ದಂಡಿನ ಸಾಹೇಬರದ್ದು. 1898ರಲ್ಲಿ ಹಾಸನ ಮೂಲದ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಮೊಟ್ಟೆ ಮುಟ್ಟದವರ ಕೈಯಲ್ಲಿ ಸಾಹೇಬರ ಬ್ರೆಡ್ಡು, ಬನ್ನು, ಕೇಕು ಬೇರೆಯೇ ರುಚಿ ಪಡೆದವು. ಹೊರಗಿನದು ಬಂತೆಂದು ನಮ್ಮವರು ಬಾಗಿಲು ಹಾಕಿಕೊಳ್ಳಲಿಲ್ಲ, ಅದರ ಮುಂದೆ ಮಂಡಿಯೂರಲೂ ಇಲ್ಲ. ಒಗ್ಗರಣೆ ಹಾಕಿ ನಮ್ಮದು ಮಾಡಿಕೊಂಡರು! ಮಾತಿಗೂ ಅದೇ ಒಗ್ಗರಣೆ. ಬ್ರೆಡ್‌ಗೆ ಒಂದು ಉಕಾರ ಅಂಟಿಸಿ ಬ್ರೆಡ್ಡು ಎಂದೆವು, ಬನ್ ಬನ್ನಾಯಿತು, ಟೋಸ್ಟ್ ಟೋಸ್ಟಾಯಿತು. ಕೊಡುಕೊಳ್ಳುವ ಭಾಷೆ ಹೀಗೆಯೇ ಬದುಕುವುದು.

ಇಂದು ಬೋರ್ಡಿನ ಮೇಲಿರುವುದು ಒಂದು ಜಾತಿಯ ಹೆಸರಾದರೂ ಒಲೆಯ ಮುಂದೆ ಎಲ್ಲ ಜಾತಿಯವರಿದ್ದಾರೆ. ಅವರಲ್ಲಿ ಬಹಳ ಮಂದಿ ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದವರು. ಮಳೆ ಕೈಕೊಟ್ಟ ಊರಿನ ಹುಡುಗ ಮಾವನ ಬೇಕರಿಗೆ ಬಂದು, ಹಿಟ್ಟು ನಾದಿ, ಒಲೆ ಕಾದು, ಮುಂದೊಂದು ದಿನ ತನ್ನದೇ ಅಂಗಡಿ ತೆರೆದ ಕಥೆ ನಿಮ್ಮ ಬೀದಿಯಲ್ಲೇ ಸಿಗುತ್ತದೆ. ಯಾವ ಸರ್ಕಾರಿ ಯೋಜನೆಯೂ ಅವನಿಗೆ ಆ ಅಂಗಡಿ ಕೊಟ್ಟದ್ದಲ್ಲ.

ಅಂಥವನಿಗೆ ಬಂದದ್ದೇನು? 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೇಕರಿಯವರೂ ಬೆಚ್ಚಿಬಿದ್ದರು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಬಂತು. ವ್ಯಾಪಾರಿಗಳು ಪ್ರತಿಭಟನೆಗೆ ಇಳಿದ ಮೇಲೆ, ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು.

ತೆರಿಗೆ ಕಟ್ಟಬೇಡಿ ಎಂದು ನಾವು ಹೇಳುವವರಲ್ಲ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ಮೀರಿದರೆ ನೋಂದಣಿ ಬೇಕೆಂಬುದು ಕಾನೂನು. ಆದರೆ ಲಕ್ಷಗಳ ಲೆಕ್ಕ ಬರೀ ವಹಿವಾಟು, ಲಾಭವಲ್ಲ! ಬ್ರೆಡ್ಡಿಗೆ, ಹಾಲಿಗೆ ತೆರಿಗೆಯೇ ಇಲ್ಲ. ಯಾವುದಕ್ಕುಂಟು, ಯಾವುದಕ್ಕಿಲ್ಲ ಎಂಬುದನ್ನು ಮೊದಲು ಅಂಗಡಿಯವನ ಬಳಿ ಕೂತು, ಅವನ ಕನ್ನಡದಲ್ಲಿ ತಿಳಿಸಿಕೊಡಲಿ. ನೋಟಿಸು ಆಮೇಲೆ ಬರಲಿ. ಇದು ಭಿಕ್ಷೆಯಲ್ಲ, ಹಕ್ಕು.

ಈಗ ನಿಮ್ಮ ಸರದಿ. ನವೆಂಬರ್ ಒಂದಕ್ಕೆ ಕೆಂಪು ಹಳದಿ ಶಾಲು ಹೊದ್ದು ಘೋಷಣೆ ಕೂಗುತ್ತೀರಿ, ಸಂತೋಷ. ಸಂಜೆಗೆ ಗೆಳೆಯನ ಹುಟ್ಟುಹಬ್ಬ ಎಲ್ಲಿ? ಹೆಸರು ಓದಲೂ ತಿಣುಕುವ ಮೆನು ಹಿಡಿದು, ಹರುಕು ಇಂಗ್ಲಿಷಿನಲ್ಲಿ ಪಿಜ್ಜಾ ಕೇಳುವ ಕಡೆ! ಪಿಜ್ಜಾ ತಿನ್ನಿ, ಬೇಡವೆಂದವರಾರು? ಆದರೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಕೊಡುವ ಕೈಯನ್ನು ಮರೆಯಬೇಡಿ. ಆ ಅಂಗಡಿಯ ಬಾಡಿಗೆ ಏರುತ್ತಿದೆ, ಪಕ್ಕದಲ್ಲೇ ಗಾಜಿನ ಗೋಡೆಯ ಕೆಫೆ ಎದ್ದಿದೆ.

ಬೇಕರಿ ಮುಚ್ಚಿದ ಮೇಲೆ ಅದರ ಫೋಟೋ ಹಂಚಿಕೊಂಡು ಕಣ್ಣೀರು ಹಾಕುವುದು ಅಭಿಮಾನವಲ್ಲ. ಬಾಗಿಲು ತೆರೆದಿರುವಾಗಲೇ ಹೋಗಿ, ಹೊರಗಿನಿಂದ ಬಂದ ಸಹೋದ್ಯೋಗಿಯನ್ನೂ ಕರೆದೊಯ್ಯಿರಿ. "ಅಣ್ಣಾ, ಎರಡು ಟೋಸ್ಟು ಕೊಡಿ" ಎಂದು ಅವನ ಬಾಯಿಂದಲೇ ಹೇಳಿಸಿ. ಅವನ ಕನ್ನಡದ ಮೊದಲ ಪಾಠ ಅಲ್ಲೇ, ಕಾವಲಿಯ ಮುಂದೆಯೇ ಆಗಲಿ!