ಎರಡನೆಯ ಬ್ಯಾಟರಿಯ ಭಾರ



ಕರೆಂಟಿನ ಗಾಡಿ ಈಗ ಪೇಟೆಯವರ ಸೊತ್ತಾಗಿ ಉಳಿದಿಲ್ಲ. ತೋಟದ ಲೈನುಗಳ ಮುಂದೆಯೂ, ಬಯಲುಸೀಮೆಯ ಹಳ್ಳಿಗಳ ಅಗಸಿಯ ಬಳಿಯೂ ಅದು ನಿಂತಿರುವುದನ್ನು ಕಾಣುತ್ತೇವೆ. ಪೆಟ್ರೋಲಿನ ಖರ್ಚು ಉಳಿಯಿತೆಂದು ಮನೆಯವರು ಸಂತೋಷಪಟ್ಟರೆ ಅದಕ್ಕೆ ನಾವು ಅಡ್ಡ ಬರುವವರಲ್ಲ. ಆದರೆ ಗಾಡಿ ಕೊಂಡ ಕೆಲವು ತಿಂಗಳಿಗೆ ಒಂದು ಪ್ರಶ್ನೆ ಏಳುತ್ತದೆ. ದೂರದ ಕೆಲಸಕ್ಕೆ ಹೋಗಿ ಬರಲು ಚಾರ್ಜು ಸಾಲುವುದಿಲ್ಲ, ಇನ್ನೊಂದು ಬ್ಯಾಟರಿ ಕೊಂಡು ಹಿಂದೆ ಕಟ್ಟಿಕೊಂಡು ಹೋಗೋಣವೇ? ಅಂಗಡಿಯವರು ಹೌದೆನ್ನುತ್ತಾರೆ. ಕೆಲಸ ಕೊಡುವವರೂ ಹೌದೆನ್ನುತ್ತಾರೆ, ಏಕೆಂದರೆ ಆ ಹಣ ಅವರ ಜೇಬಿನಿಂದ ಹೋಗುವುದಿಲ್ಲ. ಎರಡನೆಯ ಬ್ಯಾಟರಿಗೆ ಸಾಲ ಮಾಡುವ ಮೊದಲು ದಾರಿಯ ಆ ತುದಿಯಲ್ಲಿ ಒಂದು ಪ್ಲಗ್ ಕೇಳಿ ಪಡೆಯಬೇಕೆಂಬುದು ನಮ್ಮ ಅಭಿಪ್ರಾಯ.

ಇದನ್ನು ಕಣ್ಣಿಗೆ ಕಟ್ಟುವಂತೆ ನೋಡಬೇಕಾದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯನ್ನು ನೋಡಬೇಕು. ಮಲೆನಾಡಿನ ತೋಟಗಳಲ್ಲಿರುವ ವಾಚಕರಿಗೆ ಅದು ಪರನಾಡೆನಿಸಬಹುದು. ಹಾಗೇನಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಗದ್ವಾಲ್ ರಾಯಚೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ಇಂದು ಮೂರೂ ಊರುಗಳು ತೆಲಂಗಾಣಕ್ಕೆ ಸೇರಿವೆ. ಗದ್ವಾಲ್ 2016ರಲ್ಲಿಯೂ ನಾರಾಯಣಪೇಟೆ 2019ರಲ್ಲಿಯೂ ಜಿಲ್ಲಾ ಕೇಂದ್ರಗಳಾದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಕುಟುಂಬಗಳು ಅಲ್ಲಿ ಇಂದಿಗೂ ಇವೆ. ಕೂಲಿಯನ್ನು ಹುಡುಕಿಕೊಂಡು ಊರು ಬಿಟ್ಟು ಹೋಗುವವರ ಸೀಮೆ ಅದು. ಪಾಲಮೂರು ಕೂಲಿ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಲೈನಿನಲ್ಲಿ ವಾಸ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಊರು ಬಿಡದೆ ಉಳಿದವರಿಗೂ ದೂರದ ಕಾಟ ತಪ್ಪಿದ್ದಲ್ಲ. ನೇಕಾರನು ನೂಲು ತರಬೇಕು, ನೇಯ್ದ ಸೀರೆಯನ್ನು ಸಾಹುಕಾರನಿಗೆ ಮುಟ್ಟಿಸಬೇಕು. ಗದ್ವಾಲಿನ ಸುತ್ತಿನ ಹತ್ತಿಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುವವರು ಹಿಂದಿನ ದಿನ ಸಂಜೆ ಬಿಡಿಸಿಟ್ಟ ಮೊಗ್ಗಿಗೆ ಮರುದಿನ ಬೆಳಗ್ಗೆಯೇ ಪರಾಗ ಮುಟ್ಟಿಸಬೇಕು. ಹೂವು ಬಸ್ಸಿನ ವೇಳೆಗೆ ಕಾಯುವುದಿಲ್ಲ. ಮಕ್ತಲ್‌ನಿಂದ ನಾರಾಯಣಪೇಟೆಗೆ ಸುಮಾರು 30 ಕಿಲೋಮೀಟರು. ರಾಯಚೂರಿಗೆ 40ರ ಆಸುಪಾಸು. ಜೂರಾಲ ಅಣೆಕಟ್ಟೆಯ ದಾರಿಯಾಗಿ ಗದ್ವಾಲಿಗೆ 50ರ ಹತ್ತಿರ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ರೈಲು ಮಾರ್ಗ ಲೋಕಾರ್ಪಣೆಯಾಗಿ ಮಕ್ತಲ್ ಕಡೆಗೂ ರೈಲು ಬಂತು. ಅದೇ ವರ್ಷ ಡಿಸೆಂಬರ್ 9ರಿಂದ ತೆಲಂಗಾಣದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ. ಎರಡೂ ಒಳ್ಳೆಯವು, ಬಸ್ಸಿನಲ್ಲಿ ಹೋಗಬಹುದಾದ ತಂಗಿಯರು ಬ್ಯಾಟರಿಗಾಗಿ ಸಾಲ ಮಾಡುವ ಮುನ್ನ ಇದನ್ನು ಲೆಕ್ಕಕ್ಕೆ ಹಿಡಿಯಲಿ. ಆದರೆ ಬಸ್ಸಾಗಲಿ ರೈಲಾಗಲಿ ಹೊಲದ ಬದುವಿನ ತನಕ ಬರುವುದಿಲ್ಲವಾದ್ದರಿಂದ ಗಾಡಿ ಬೇಕೇ ಬೇಕು.

ಈಗ ಗಾಡಿಯ ಲೆಕ್ಕಕ್ಕೆ ಬರೋಣ. ನಮ್ಮವರು ಹೆಚ್ಚಾಗಿ ಕೊಳ್ಳುವುದು ಲೈಸೆನ್ಸು, ನಂಬರ್ ಪ್ಲೇಟು ಎರಡೂ ಬೇಡದ ಗಾಡಿಯನ್ನು. ಅದರ ಮೋಟಾರು 250 ವ್ಯಾಟಿಗಿಂತ ಕಡಮೆ, ವೇಗ ಗಂಟೆಗೆ 25 ಕಿಲೋಮೀಟರಿನ ಒಳಗೆ ಇರಬೇಕೆಂದು ಕಾನೂನು ಹೇಳುತ್ತದೆ. 48 ವೋಲ್ಟಿನ 24 ಆಂಪಿಯರ್-ಅವರ್ ಬ್ಯಾಟರಿಯೊಂದನ್ನು ತೆಗೆದುಕೊಳ್ಳಿ. 48ನ್ನು 24ರಿಂದ ಗುಣಿಸಿದರೆ 1152 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್ಟಿಗೆ ಸ್ವಲ್ಪ ಹೆಚ್ಚು. ಕಿಲೋಮೀಟರಿಗೆ 20 ವ್ಯಾಟ್-ಅವರ್ ಹಿಡಿದರೆ ಕಾಗದದ ಮೇಲೆ 57 ಕಿಲೋಮೀಟರು ಓಡಬೇಕು. ಹಿಂದೆ ಹೆಂಡತಿ, ಮುಂದೆ ಬುತ್ತಿಯ ಚೀಲ, ಎದುರುಗಾಳಿ, ಒಂದೂವರೆ ವರ್ಷ ಹಳೆಯದಾದ ಬ್ಯಾಟರಿ ಎಂದಾದರೆ 40ನ್ನು ನೆಚ್ಚಿಕೊಳ್ಳುವುದೇ ಕ್ಷೇಮ. ಕಾಫಿ ತೋಟದ ಏರುದಾರಿಯಲ್ಲಿ ಅದಕ್ಕೂ ಕಡಮೆ. ಎಂದರೆ ಮಕ್ತಲ್‌ನವನು ನಾರಾಯಣಪೇಟೆಗೆ ಹೋಗಿ ಮುಟ್ಟುತ್ತಾನೆ. ಹಿಂದಕ್ಕೆ ಬರುವಾಗ ನಡುದಾರಿಯಲ್ಲಿ ತಳ್ಳುತ್ತಾನೆ.

ಎರಡನೆಯ ಬ್ಯಾಟರಿ ಹೊತ್ತರೆ ದಾರಿ ಇಮ್ಮಡಿಯಾಗುವುದೋ? ಇಲ್ಲಿ ಸೈಕಲ್ಲನ್ನೂ ಸ್ಕೂಟರನ್ನೂ ಬೇರೆಬೇರೆಯಾಗಿ ನೋಡಬೇಕು. ಪೆಡಲ್ ಇರುವ ಕರೆಂಟಿನ ಸೈಕಲ್ಲಿನ 36 ವೋಲ್ಟಿನ ಲಿಥಿಯಂ ಬ್ಯಾಟರಿ ಎರಡು-ಮೂರು ಕಿಲೋ ತೂಗೀತು. ಅದನ್ನು ಬುತ್ತಿಯ ಜೊತೆಗೆ ಚೀಲದಲ್ಲಿ ಹಾಕಿಕೊಂಡು ಹೋಗಬಹುದು, ಚಾರ್ಜು ಮುಗಿದರೂ ಕಾಲು ಇದೆ. ಅಂಥವರಿಗೆ ಸ್ಪೇರ್ ಬ್ಯಾಟರಿ ಬೇಡವೆಂದು ನಾವು ಹೇಳುವುದಿಲ್ಲ. ಅಗ್ಗದ ಸ್ಕೂಟರುಗಳ ಸೀಸದ ಬ್ಯಾಟರಿಯ ಮಾತೇ ಬೇರೆ. ಮೇಲೆ ಹೇಳಿದ ಅಳತೆಗೆ 12 ವೋಲ್ಟಿನ ನಾಲ್ಕು ಡಬ್ಬಿ ಬೇಕು. ನಾಲ್ಕೂ ಸೇರಿ 30 ಕಿಲೋಗೆ ಹತ್ತಿರ. ಅದು ಹೆಚ್ಚುಕಡಮೆ ಅರ್ಧ ಮೂಟೆಯ ಭಾರ. ಅದನ್ನು ಹಿಂದಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲುತ್ತದೆ, ಬ್ರೇಕು ಹಿಡಿದಾಗ ಗಾಡಿ ನಿಲ್ಲದೆ ಜಾರುತ್ತದೆ, ಆ ಭಾರವನ್ನು ಎಳೆಯಲು ಮೊದಲ ಬ್ಯಾಟರಿಯ ಚಾರ್ಜೇ ಖರ್ಚಾಗುತ್ತದೆ. ಡಬ್ಬಿ ಬಿರುಕು ಬಿಟ್ಟು ಆಸಿಡ್ ಒಸರಿತೋ, ಪಕ್ಕದಲ್ಲಿ ಕಟ್ಟಿದ ಸೀರೆಯ ಗತಿ ನೇಕಾರನಿಗೆ ಗೊತ್ತು. ಹದಿನೈದು ದಿನದ ಮಗ್ಗದ ಕೆಲಸ ತೂತಾಗುತ್ತದೆ.

ಇನ್ನು ಹಣ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಗಾಡಿಯೊಡನೆ ಕೊಂಡ ಬ್ಯಾಟರಿಗೆ ಗಾಡಿಯ ಜಿಎಸ್‌ಟಿಯೇ, ನೂರಕ್ಕೆ 5. ಅದನ್ನೇ ಬಿಡಿಯಾಗಿ ಕೊಂಡರೆ ನೂರಕ್ಕೆ 18. ದೂರದ ಕೂಲಿಗೆ ಹೋಗುವವನೇ ಹೆಚ್ಚು ತೆರಿಗೆ ಕೊಡಬೇಕೆಂಬ ಈ ಏರ್ಪಾಡಿನಲ್ಲಿ ನ್ಯಾಯ ಎಲ್ಲಿದೆಯೋ ನಮಗೆ ಕಾಣದು. ಜೊತೆಗೆ, ಬಳಸದೆ ಇಟ್ಟ ಮಾತ್ರಕ್ಕೆ ಬ್ಯಾಟರಿ ಹೊಸದಾಗಿ ಉಳಿಯುವುದಿಲ್ಲ. ಸೀಸದ್ದನ್ನು ಖಾಲಿಯಾಗಿ ಮೂಲೆಗೆ ಇಟ್ಟರೆ ಒಳಗಿನ ತಗಡಿನ ಮೇಲೆ ಗಟ್ಟಿ ಪೊರೆ ಕಟ್ಟಿ ಕೆಡುತ್ತದೆ. ಅದನ್ನು ತುಂಬಿಸಿಯೇ ಇಡಬೇಕು, ತಿಂಗಳಿಗೊಮ್ಮೆ ಮತ್ತೆ ಚಾರ್ಜು ಕೊಡಬೇಕು. ಲಿಥಿಯಂನದು ಇದಕ್ಕೆ ವಿರುದ್ಧ. ಬಹುದಿನ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡಬೇಕು. 40 ಡಿಗ್ರಿ ದಾಟುವ ಆ ಸೀಮೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ತಂಪು ಎಲ್ಲಿಂದ ತರುವುದು?

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು, ಇದನ್ನು ಮನೆಯ ಹೆಂಗಸರು ಮಕ್ಕಳಿಗೂ ಓದಿ ಹೇಳಬೇಕು. 2022ರ ಏಪ್ರಿಲ್‌ನಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಸ್ಕೂಟರಿನಿಂದ ಬಿಚ್ಚಿ ಮನೆಯೊಳಗೆ ರಾತ್ರಿ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿ ಸ್ಫೋಟಿಸಿ 80 ವರ್ಷದ ಮುದುಕರೊಬ್ಬರು ಸತ್ತರು. ಅದೇ ತಿಂಗಳು ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲಿ ಚಾರ್ಜಾಗುತ್ತಿದ್ದ ಬ್ಯಾಟರಿ ಮನೆಯ ಯಜಮಾನನ ಪ್ರಾಣ ತೆಗೆಯಿತು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರ ಕೆಳಗಿದ್ದ ಕರೆಂಟಿನ ಸ್ಕೂಟರುಗಳ ಮಳಿಗೆಗೆ ಬೆಂಕಿ ಹತ್ತಿದಾಗ ಮೇಲಿನ ಲಾಡ್ಜಿನಲ್ಲಿ ತಂಗಿದ್ದ 8 ಮಂದಿ ಸತ್ತರು. ಮೊದಲಿನ ಎರಡೂ ಬಿಚ್ಚಿ ಒಯ್ಯುವ ಬ್ಯಾಟರಿಗಳೆಂಬುದನ್ನು ಗಮನಿಸಿ. ಆಮೇಲೆ ಸರ್ಕಾರ ಬ್ಯಾಟರಿಗಳ ಪರೀಕ್ಷೆಯ ನಿಯಮವನ್ನು ಬಿಗಿಗೊಳಿಸಿತು. ಎಐಎಸ್ 156 ಎಂಬ ಆ ಹೊಸ ನಿಯಮ 2022ರ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಎರಡನೆಯ ಹಂತವಾಗಿ ಜಾರಿಗೆ ಬಂತು. ಆದರೆ ಸಂದಿಯ ಅಂಗಡಿಯಲ್ಲಿ ಹಳೆಯ ಸೆಲ್ಲುಗಳನ್ನು ಬೆಸೆದು ಹೊಸ ಹೊದಿಕೆ ಹಾಕಿ ಅರ್ಧ ಬೆಲೆಗೆ ಕೊಡುವ ಬ್ಯಾಟರಿಗೆ ಯಾವ ನಿಯಮವೂ ಅಂಟುವುದಿಲ್ಲ. ಬಡವನ ಕೈಗೆ ಸ್ಪೇರ್ ಬ್ಯಾಟರಿ ಎಂದು ಬರುವುದು ಬಹಳ ಸಲ ಅದೇ. ಲೈನು ಮನೆಗಳಲ್ಲಿ ಒಂದೇ ಮಾಡು, ನಡುವೆ ಒಂದೇ ಗೋಡೆ. ಒಬ್ಬನ ಮನೆಯ ಬ್ಯಾಟರಿ ಹತ್ತು ಮನೆಯ ಬೆಂಕಿ.

ಆದುದರಿಂದ ಸ್ಪೇರ್ ಒಯ್ಯಲೇಬೇಕಾದವರು ಕೆಲವನ್ನು ತಪ್ಪದೆ ಪಾಲಿಸಬೇಕು. ಬ್ಯಾಟರಿಯ ಬಾಯಿಗೆ, ಅಂದರೆ ವೈರು ಸಿಕ್ಕಿಸುವ ತುದಿಗೆ, ಮುಚ್ಚಳವಿರಲಿ. ಇಲ್ಲವಾದರೆ ಟೇಪು ಸುತ್ತಿ. ಅದೇ ಚೀಲದಲ್ಲಿ ಸ್ಪ್ಯಾನರು, ಕುಡುಗೋಲು, ಚಿಲ್ಲರೆ ಕಾಸು ಹಾಕಬಾರದು. ಎರಡು ತುದಿಗೂ ಲೋಹ ತಾಗಿದರೆ ಕಿಡಿ ಹಾರುತ್ತದೆ. ಕೆಳಗೆ ದಪ್ಪ ಗೋಣಿಯನ್ನೋ ರಬ್ಬರನ್ನೋ ಹಾಸಿ, ಕುಲುಕದಂತೆ ಕಟ್ಟಿ, ಬಿಸಿಲು ಬೀಳದಂತೆ ಮುಚ್ಚಿ. ಒಂದು ತುಂಬಿದ, ಒಂದು ಖಾಲಿಯಾದ ಬ್ಯಾಟರಿಗಳನ್ನು ವೈರಿನಿಂದ ಜೋಡಿಸುವ ಜಾಣತನ ಯಾರೂ ತೋರಿಸಬಾರದು. ತುಂಬಿದ್ದು ಖಾಲಿಯದಕ್ಕೆ ಒಮ್ಮೆಗೇ ನುಗ್ಗಿ ಎರಡೂ ಕಾಯುತ್ತವೆ. ಒಂದನ್ನು ಬಿಚ್ಚಿ ಇನ್ನೊಂದನ್ನು ಹಾಕುವುದೇ ಸರಿಯಾದ ಕ್ರಮ. ಓಡಿಸಿ ಬಂದ ಕೂಡಲೆ ಚಾರ್ಜಿಗೆ ಇಡದೆ ಆರಲು ಬಿಡಿ. ಅದಕ್ಕೆ ಕೊಟ್ಟ ಚಾರ್ಜರನ್ನೇ ಬಳಸಿ. ಹಾಸಿಗೆಯ ಮೇಲೆ, ಬಾಗಿಲ ಅಡ್ಡಕ್ಕೆ, ಎಲ್ಲರೂ ಮಲಗಿದ ಮೇಲೆ ಚಾರ್ಜು ಬೇಡವೇ ಬೇಡ. ಊದಿಕೊಂಡ, ಬಿದ್ದು ಜಜ್ಜಿದ, ನೀರಿನಲ್ಲಿ ನೆನೆದ ಬ್ಯಾಟರಿಯನ್ನು ಹೊರಗೆ ಬಯಲಿನಲ್ಲಿಡಿ. ಹೊಗೆ ಕಂಡರೆ ವಸ್ತುವನ್ನು ಉಳಿಸಲು ಹೋಗದೆ ಮಕ್ಕಳನ್ನು ಎತ್ತಿಕೊಂಡು ಹೊರಗೆ ಬನ್ನಿ.

ಇಷ್ಟೆಲ್ಲ ಕಷ್ಟ ಏತಕ್ಕೆ? ಕೆಲಸದ ಜಾಗದಲ್ಲಿ ಒಂದು ಪ್ಲಗ್ ಇಲ್ಲದ್ದಕ್ಕೆ. ಕಾರ್ಮಿಕ 8 ಗಂಟೆ ದುಡಿಯುವಾಗ ಅವನ ಗಾಡಿ 8 ಗಂಟೆ ಸುಮ್ಮನೆ ನಿಂತಿರುತ್ತದೆ. ಸೀಸದ ಬ್ಯಾಟರಿಗೂ ಅಷ್ಟು ಹೊತ್ತು ಸಾಕು. ಖಾಲಿ ಬ್ಯಾಟರಿ ತುಂಬಲು, ನಷ್ಟವನ್ನೂ ಸೇರಿಸಿ, ಒಂದೂವರೆ ಯೂನಿಟ್ ಹಿಡಿಯಿರಿ. ಯೂನಿಟ್ಟಿಗೆ 8 ರೂಪಾಯಿಯಂತೆ 12 ರೂಪಾಯಿ. ಆ 12 ರೂಪಾಯಿ ಉಳಿಸಲೆಂದು 30 ಕಿಲೋ ಭಾರವನ್ನೂ ವರ್ಷದ ಸಾಲವನ್ನೂ ಕಾರ್ಮಿಕನ ಬೆನ್ನಿಗೆ ಹೊರಿಸುವುದು ಸರಿಯೇ? ಬೀಜದ ಹೊಲದ ಪಂಪ್‌ಸೆಟ್ಟಿಗೆ ಕರೆಂಟಿದೆ, ಸಾಹುಕಾರನ ಗೋದಾಮಿಗೆ ಕರೆಂಟಿದೆ, ತೋಟದ ಪಲ್ಪರ್ ಮನೆಗೂ ಇದೆ. ಯೂನಿಯನ್ನಿನ ಮುಂದಿನ ಮಾತುಕತೆಯಲ್ಲಿ ಕೂಲಿ, ಬೋನಸ್ಸಿನ ಜೊತೆಗೆ ಇದನ್ನೂ ಬರೆಯಬೇಕು: ಲೈನಿನಿಂದಲೂ ಗೋದಾಮಿನಿಂದಲೂ ದೂರವಾಗಿ ಒಂದು ತೆರೆದ ಶೆಡ್ಡು, ಅರ್ತಿಂಗ್ ಇರುವ ಪ್ಲಗ್ಗುಗಳು, ಒಂದು ಬೇರೆ ಮೀಟರು, ಬಳಿಯಲ್ಲಿ ಮರಳಿನ ಬಕೇಟು. ಮೀಟರಿನ ಹಣವನ್ನು ನಾವೇ ಕೊಡುತ್ತೇವೆ ಎಂದರೂ ಆದೀತು, ಶೆಡ್ಡು ಕೊಡದಿರಲು ಕಾರಣ ಉಳಿಯುವುದಿಲ್ಲ.

ದೀಪಕ್ಕೆ ಹೆಚ್ಚಿನ ಎಣ್ಣೆ ತಂದ ಐವರು ಕನ್ಯೆಯರ ಸಾಮತಿ ನಮ್ಮ ಸಭೆಗಳಲ್ಲಿ ಎಲ್ಲರಿಗೂ ತಿಳಿದದ್ದೇ, ಬ್ಯಾಟರಿಯ ವಿಷಯಕ್ಕೆ ಅದನ್ನು ಎತ್ತಿ ಹೇಳುವವರೂ ಇದ್ದಾರೆ. ಆ ಎಣ್ಣೆಯನ್ನು ಹಂಚಿಕೊಳ್ಳಲಾಗಲಿಲ್ಲ. ಬ್ಯಾಟರಿಯನ್ನು ಹಂಚಿಕೊಳ್ಳಬಹುದು. ಒಂದೇ ಕಂಪನಿಯ ಒಂದೇ ಮಾದರಿಯ ಗಾಡಿ ಇರುವ ಐದಾರು ಮನೆಯವರು ಕೂಡಿ ಒಂದು ಒಳ್ಳೆಯ ಲಿಥಿಯಂ ಬ್ಯಾಟರಿ ಕೊಂಡು, ದೂರ ಹೋಗುವವರು ಅಂದಂದಿಗೆ ಒಯ್ಯುವಂತೆ ಒಂದು ಪುಸ್ತಕ ಇಟ್ಟರೆ ಸಾಲವೂ ಹಗುರ, ಬ್ಯಾಟರಿಯೂ ಮೂಲೆಯಲ್ಲಿ ಕೊಳೆಯುವುದಿಲ್ಲ. ಗಾಡಿ ಕೊಳ್ಳುವ ಮೊದಲೇ ಅಕ್ಕಪಕ್ಕದವರು ಯಾವುದು ಕೊಂಡಿದ್ದಾರೆ ಎಂದು ವಿಚಾರಿಸಬೇಕಾದದ್ದು ಇದಕ್ಕಾಗಿಯೇ. ಒಬ್ಬನದು ಇನ್ನೊಬ್ಬನ ಗಾಡಿಗೆ ಕೂಡದಿದ್ದರೆ ಬಲವಂತವಾಗಿ ವೈರು ಬೆಸೆಯಬೇಡಿ.

ಕೊನೆಗೆ ಹಳೆಯ ಬ್ಯಾಟರಿಯ ವಿಷಯ. ಅದನ್ನು ಒಡೆದು ಸೀಸ ಕರಗಿಸುವ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದು. ಆ ಹೊಗೆ ವಿಷ. 2022ರ ಆಗಸ್ಟಿನ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಕೆಟ್ಟ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸುವ ಹೊಣೆ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದವರದು. ಕೊಂಡ ಅಂಗಡಿಗೇ ಒಯ್ಯಿರಿ. ಸೀಸಕ್ಕೆ ಬೆಲೆ ಇದೆ. ಹೊಸದರ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳುವಂತೆ ಕೇಳಿ, ರಶೀದಿಯಲ್ಲಿ ಬರೆಸಿಕೊಳ್ಳಿ.